ಊರಿನ ಗಡಿ ಗೊತ್ತಿದ್ದವನು ಕೇರಿಯವನು

ಪೋಸ್ಟ್ ಉದ್ದ ಇದೆ. ಅರ್ಧಕ್ಕೆ ಬಿಡಬೇಡಿ, ಕೊನೇಲಿ ಒಂದು ಕೆಲಸ ಹೇಳ್ತೀನಿ.

ಮೊದಲು ಒಂದು ಪ್ರಶ್ನೆ. ಬಾಬಾಸಾಹೇಬರ ‘ದಿ ಅನ್‌ಟಚಬಲ್ಸ್’ ಪುಸ್ತಕ ನಮ್ಮಲ್ಲಿ ಬಹಳ ಜನರ ಮನೆಯಲ್ಲಿದೆ. 1948ರಲ್ಲಿ ಬಂದದ್ದು. ನಂದನಾರ್, ರವಿದಾಸ, ಚೋಖಾಮೇಳ ಈ ಮೂವರು ಸಂತರಿಗೆ ಅರ್ಪಿಸಿದ್ದಾರೆ. ಆ ಪುಸ್ತಕದಲ್ಲಿ ನಮ್ಮ ಹಾಸನ ಜಿಲ್ಲೆಯ ಹೊಲಗೇರಿಯ ಮಾತು ಬರುತ್ತೆ. ಎಷ್ಟು ಜನ ಗಮನಿಸಿದ್ದೀರಿ?

ಅಸ್ಪೃಶ್ಯತೆಯ ಮೂಲ ಬೌದ್ಧರ ಮೇಲಿನ ತಿರಸ್ಕಾರದಲ್ಲಿದೆ ಅಂತ ವಾದಿಸೋ ಅಧ್ಯಾಯದಲ್ಲಿ ಅದು ಬರುತ್ತೆ. ಬಾಬಾಸಾಹೇಬರು ಅಲ್ಲಿ ಹೇಳೋದು ಇಷ್ಟು: ಬ್ರಾಹ್ಮಣರು ಅಸ್ಪೃಶ್ಯರನ್ನ ದೂರ ಇಟ್ಟರು ಅನ್ನೋದು ಎಲ್ಲರಿಗೂ ಗೊತ್ತು, ಆದರೆ ಅಸ್ಪೃಶ್ಯರೂ ಬ್ರಾಹ್ಮಣರನ್ನ ಅಪಶಕುನ ಅಂತ ತಮ್ಮ ಕೇರಿಯಿಂದ ದೂರ ಇಟ್ಟಿದ್ದರು. ಇದಕ್ಕೆ ತಂಜಾವೂರು ಕಡೆಯ ಪರೆಯರ ಉದಾಹರಣೆ ಕೊಟ್ಟು, ಹಾಸನ ಜಿಲ್ಲೆಯ ಹೊಲೆಯರೂ ಹೀಗೇ ಇದ್ದರು ಅಂತ ಒಂದು ಹಳೇ ಬರಹವನ್ನ ಎತ್ತಿಕೊಳ್ಳುತ್ತಾರೆ. (ಜಾತಿ ಹೆಸರುಗಳನ್ನ ಹಳೇ ದಾಖಲೆಯಲ್ಲಿ ಇರೋ ಹಾಗೇ ಬಳಸ್ತಿದ್ದೀನಿ.)

ಆ ಬರಹ ಬರೆದವನು ಕ್ಯಾಪ್ಟನ್ ಮೆಕೆಂಜಿ. ಮೈಸೂರು ಆಡಳಿತದಲ್ಲಿದ್ದ ಬ್ರಿಟಿಷ್ ಅಧಿಕಾರಿ. 1873ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚಾಯಿತು. ಅವನು ದಾಖಲಿಸಿದ್ದು ಹೀಗೆ: ಪ್ರತಿ ಊರಿಗೂ ಬೇಲಿಯಾಚೆ ಒಂದು ಹೊಲಗೇರಿ. ಆ ಕೇರಿಯ ಒಳಗೆ ಏಟು ತಿನ್ನದೆ ಹಾದು ಹೋದರೆ ತನಗೆ ಅದೃಷ್ಟ ಅಂತ ಬ್ರಾಹ್ಮಣ ನಂಬುತ್ತಿದ್ದ. ಕೇರಿಯವರು ಅದಕ್ಕೆ ಒಪ್ಪುತ್ತಿರಲಿಲ್ಲ. ಬಂದರೆ ಗುಂಪಾಗಿ ಎದ್ದು ಚಪ್ಪಲಿ ಹಿಡಿದು ಅಟ್ಟುತ್ತಿದ್ದರು. ಬೇರೆ ಜಾತಿಯವರು ಬಾಗಿಲವರೆಗೂ ಬರಬಹುದು, ಒಳಗೆ ಕಾಲಿಡುವಂತಿಲ್ಲ. ಇಟ್ಟರೆ ಮನೆಗೆ ಕೇಡು.

ಬಾಬಾಸಾಹೇಬರಿಗೆ ಆ ವಾದಕ್ಕೆ ಬೇಕಿದ್ದದ್ದು ಇಷ್ಟೇ ಭಾಗ. ಆದರೆ ಆ ಪುಟ್ಟ ಬರಹದಲ್ಲಿ ಇನ್ನೂ ಇದೆ. ಉಳಿದದ್ದನ್ನ ನಾವು, ಈ ಜಿಲ್ಲೆಯವರು, ಓದಿಕೊಳ್ಳಬೇಕು. ಥರ್ಸ್ಟನ್ 1909ರಲ್ಲಿ ತಂದ ಏಳು ಸಂಪುಟಗಳ ಜಾತಿ-ಬುಡಕಟ್ಟುಗಳ ಪುಸ್ತಕದಲ್ಲೂ ಅದು ಸೇರಿದೆ.

ಅದರಲ್ಲಿ ಕುಳವಾಡಿಯ ವಿಷಯ ಬರುತ್ತೆ. ಕುಳವಾಡಿ ಅಂದರೆ ಕೇರಿಯವನು, ಊರಿನ ಚಾಕರಿಯವನು ಅಂತ ನಮಗೆ ಗೊತ್ತು. ಆದರೆ ಎರಡು ಊರಿನ ನಡುವೆ ಗಡಿ ಜಗಳ ಬಂದಾಗ ತೀರ್ಪು ಯಾರದ್ದು? ಪಟೇಲನದ್ದಲ್ಲ, ಶಾನುಭೋಗನದ್ದಲ್ಲ. ಕುಳವಾಡಿಯದ್ದು. ಊರ ಮಣ್ಣಿನ ಉಂಡೆ ಮಾಡಿ, ಅದರ ನಡುವೆ ನೀರು ಹಾಕಿ, ತಲೆ ಮೇಲೆ ಹೊತ್ತು ಅವನು ಗಡಿಯುದ್ದಕ್ಕೂ ನಡೆಯಬೇಕು. ಸರಿಯಾದ ಗಡಿ ಹಿಡಿದರೆ ಉಂಡೆ ಗಟ್ಟಿ ಇರುತ್ತೆ. ಗೊತ್ತಿಲ್ಲದೇ ತಪ್ಪಿ ಆಚೆ ಕಾಲಿಟ್ಟರೂ ಉಂಡೆ ತಾನೇ ಒಡೆಯುತ್ತೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳಾಗುತ್ತೆ ಅಂತ ನಂಬಿಕೆ. ಎರಡೂ ಊರಿನ ಕುಳವಾಡಿಗಳು ಒಪ್ಪಿಬಿಟ್ಟರೆ ಮಿಕ್ಕವರು ಬಾಯಿ ತೆಗೆಯೋ ಹಾಗಿಲ್ಲ.

ಹೊಸದಾಗಿ ಊರು ಕಟ್ಟುವಾಗ ಒಂದು ಕಲ್ಲು ನೆಡುತ್ತಾರೆ, ಕರುಗಲ್ಲು. ವರ್ಷಕ್ಕೊಮ್ಮೆ ಪಟೇಲ ಅದಕ್ಕೆ ಎಡೆ ಇಡಬೇಕು. ಆ ಎಡೆಯ ಅಕ್ಕಿ ಹಕ್ಕು ಕುಳವಾಡಿಯದ್ದು. ಪಟೇಲ ಇಲ್ಲದ ಊರಲ್ಲಿ ಪೂಜೆ ಮಾಡೋದೂ ಕುಳವಾಡಿಯೇ. ಊರು ಹುಟ್ಟಿದ ಕಲ್ಲಿಗೆ ಪೂಜೆ ಮಾಡೋ ಹಕ್ಕು ನಮ್ಮ ಕೇರಿಯವನಿಗೆ ಇತ್ತು, ಓದಿಕೊಳ್ಳಿ ಸಲ!

ಇನ್ನೊಂದು ಇದೆ: ನೆಲಹಾಗ. ಹಾಗ ಅಂದರೆ ಒಂದಾಣೆ ಎರಡು ಪೈ ಬೆಲೆಯ ನಾಣ್ಯ, ಹಣದಲ್ಲಿ ಕಾಲು ಭಾಗ. ಊರಲ್ಲಿ ಯಾರೇ ಸತ್ತರೂ ಅವರ ಕಡೆಯವರು ಕುಳವಾಡಿಗೆ ಈ ನೆಲಹಾಗ ಕೊಡಬೇಕು. ಸತ್ತವರಿಗೆ ನೆಲವನ್ನ ಅವನಿಂದ ಕೊಂಡುಕೊಳ್ಳೋದು ಅಂತ ಅದರ ಅರ್ಥ. ಮೆಕೆಂಜಿ ಮಂಜರಾಬಾದ್ ಕಡೆಯ, ಅಂದರೆ ನಮ್ಮ ಸಕಲೇಶಪುರದ ಕಡೆಯ ಪದ್ಧತಿಯನ್ನೂ ಬರೆದಿದ್ದಾನೆ. ಅಲ್ಲಿ ಪಟೇಲನ ನಂಟರಿಂದ ಕುಳವಾಡಿ ಈ ಹಣ ತಗೊಳ್ಳುತ್ತಿರಲಿಲ್ಲ. ಯಾಕೆಂದರೆ ಅವನು ಆ ಮನೆಯವನ ಹಾಗೇ ಲೆಕ್ಕ. ಪಟೇಲನ ಮನೆಯಲ್ಲಿ ಸಾವಾದರೆ ಅವನೂ ತಲೆ ಬೋಳಿಸಿಕೊಂಡು ಸೂತಕ ಹಿಡಿಯುತ್ತಿದ್ದ. ಇದನ್ನೆಲ್ಲ ನೋಡಿ ಮೆಕೆಂಜಿಗೆ ಅನ್ನಿಸಿದ್ದು, ಈ ಮಣ್ಣಿಗೆ ಮೊದಲು ಕಾಲಿಟ್ಟವರು ಹೊಲೆಯರೇ ಇರಬೇಕು ಅಂತ.

ಅವನ ತೀರ್ಮಾನವನ್ನ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಬಾಬಾಸಾಹೇಬರು ಅದೇ ಪುಸ್ತಕದಲ್ಲಿ ಬೇರೆ ವಿವರಣೆ ಕೊಡ್ತಾರೆ. ಸೋತು ಚದುರಿದ ಬುಡಕಟ್ಟುಗಳ ಜನ ಊರ ಹೊರಗೆ ನೆಲೆ ನಿಂತು ಕಾವಲು ಕಾಯ್ದರು, ಅವರೇ ಮುಂದೆ ಅಸ್ಪೃಶ್ಯರಾದರು ಅಂತ ಅವರ ವಾದ. ಯಾವುದು ಸರಿ ಅಂತ ಇವತ್ತು ಫೇಸ್‌ಬುಕ್‌ನಲ್ಲಿ ತೀರ್ಮಾನ ಆಗಲ್ಲ. ಆದರೆ ಎರಡರಲ್ಲೂ ಒಂದು ಮಾತು ನಿಲ್ಲುತ್ತೆ: ಊರಿನ ಗಡಿ ಕೇರಿಯವನ ಕಾಲಿಗೆ ಗೊತ್ತಿತ್ತು.

ಈಗ ವಿಷಯಕ್ಕೆ ಬರ್ತೀನಿ.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು. ಖುಷಿಯೇ. ಆಮೇಲೆ ನಮ್ಮ ಜಿಲ್ಲೆಯಲ್ಲಿ ‘ಪರಂಪರೆ’ ಅನ್ನೋ ಪದ ಎಲ್ಲರ ಬಾಯಲ್ಲೂ ಬಂತು. ಪರಂಪರೆ ನಡಿಗೆ, ಪರಂಪರೆ ಕ್ಲಬ್, ಶಾಲೆ ಮಕ್ಕಳಿಗೆ ಪ್ರಬಂಧ. ‘ನಿಮ್ಮ ಊರಿನ ಇತಿಹಾಸ ತಿಳಿಯಿರಿ’ ಅಂತ ಬೋರ್ಡು. ಊರಿನ ಜನ ತಮ್ಮ ಇತಿಹಾಸವನ್ನ ತಾವೇ ಹುಡುಕಿ ಬೇರೆಯವರಿಗೆ ಹೇಳೋದು ಒಳ್ಳೇ ಕೆಲಸ. ನನ್ನ ತಕರಾರು ಕೆಲಸದ ಮೇಲಲ್ಲ, ಅದು ಶುರು ಆಗೋ ಜಾಗದ ಮೇಲೆ. ಶುರು ಆಗೋದು ದೇವಸ್ಥಾನದ ಜಗಲಿಯಿಂದ, ಮುಗಿಯೋದೂ ಅಲ್ಲೇ.

ನಾನು, ಜೊತೆಗೆ ಕೆಲವು ಗೆಳೆಯರು, ದುದ್ದ ಹೋಬಳಿಯ ಕೇರಿಗಳಲ್ಲಿ ಕೂತು ಹಿರಿಯರ ಮಾತು ಬರೆದುಕೊಳ್ತಾ ಇದ್ದೀವಿ. ದೊಡ್ಡ ಸಂಸ್ಥೆ ಇಲ್ಲ, ದುಡ್ಡಿಲ್ಲ. ಒಂದು ನೋಟ್‌ಬುಕ್, ಒಂದು ಮೊಬೈಲ್. ‘ನಿಮ್ಮ ಊರಿನ ಇತಿಹಾಸ ಹೇಳಿ’ ಅಂದರೆ ಬಹಳ ಕಡೆ ಬರೋ ಉತ್ತರ ಒಂದೇ: ‘ನಮ್ದೇನೈತಪ್ಪ ಇತಿಹಾಸ, ಊರೊಳಗೆ ಹೋಗಿ ಕೇಳಿ.’ ಇದನ್ನ ಕೇಳಿ ಕೇಳಿ ನಾವು ಪ್ರಶ್ನೆಯನ್ನೇ ಬದಲಾಯಿಸಿದ್ವಿ. ‘ಊರಿನ ಗಡಿ ಎಲ್ಲಿಂದ ಎಲ್ಲಿವರೆಗೆ?’ ಅಂತ ಕೇಳ್ತೀವಿ. ಆಗ ನೋಡಬೇಕು. ಎಂಬತ್ತು ವರ್ಷದ ಅಜ್ಜಿಯೂ ಎದ್ದು ನಿಂತು ಕೈ ಚಾಚುತ್ತೆ. ಆ ಆಲದ ಮರ, ಆ ಹಳ್ಳದ ತಿರುವು, ಆ ಬಾಣೆ ಕಲ್ಲು, ಕೆರೆ ಕೋಡಿ, ಅಲ್ಲಿಂದಾಚೆ ಪಕ್ಕದೂರು. ಅರ್ಧ ಗಂಟೆಯಲ್ಲಿ ಊರಿನ ನಕ್ಷೆ ಬಾಯಲ್ಲೇ ಬರುತ್ತೆ. ಹೊಲಗಳಿಗೆ ಸರ್ವೆ ನಂಬರ್ ಬರೋದಕ್ಕಿಂತ ಮುಂಚಿನ ಹೆಸರುಗಳು ಬರುತ್ತವೆ. ಇದು ಇತಿಹಾಸ ಅಲ್ಲ ಅಂದರೆ ಯಾವುದು ಇತಿಹಾಸ?

ಶಾಸನಗಳನ್ನ ನೋಡಿ. ಬಿ. ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳ ಸಂಪುಟ ತಂದ, ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೇ ಸಂಪುಟ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನವೂ ನಮ್ಮ ಜಿಲ್ಲೆಯದ್ದೇ, ಸುಮಾರು ಕ್ರಿ.ಶ. 450ರದ್ದು. ದಾನಶಾಸನ ಓದಿದವರಿಗೆ ಗೊತ್ತು: ರಾಜನ ಬಿರುದು, ದಾನ ಕೊಟ್ಟವನ ಹೆಸರು, ತಗೊಂಡವನ ಗೋತ್ರ, ಇದೆಲ್ಲ ಆದ ಮೇಲೆ ಎಷ್ಟೋ ಶಾಸನಗಳಲ್ಲಿ ಚತುಸ್ಸೀಮೆ ಬರುತ್ತೆ. ಮೂಡಲಿಗೆ ಇಂಥ ಗುಂಡು, ತೆಂಕಲಿಗೆ ಇಂಥ ಹುಣಸೆ ಮರ, ಪಡುವಲಿಗೆ ಕೆರೆ, ಬಡಗಲಿಗೆ ನೆಟ್ಟ ಕಲ್ಲು. ಈ ನಾಲ್ಕು ಸಾಲನ್ನ ಬರೆಯೋಕೆ ಯಾರೋ ಒಬ್ಬರು ಗಡಿ ನಡೆದು ತೋರಿಸಿರಬೇಕಲ್ವಾ? ಬರೆದವನ ಹೆಸರು ಎಷ್ಟೋ ಕಲ್ಲಲ್ಲಿ ಇದೆ. ಕೆತ್ತಿದವನದ್ದೂ ಕೆಲವು ಕಡೆ ಇದೆ. ನಡೆದು ತೋರಿಸಿದವನ ಹೆಸರು ಹುಡುಕಿ ನೋಡಿ.

ಇಲ್ಲಿ ಒಂದು ಎಚ್ಚರಿಕೆ ನಮ್ಮವರಿಗೇ. ಕೇರಿ ಪಕ್ಕದಲ್ಲಿ ವೀರಗಲ್ಲು ಕಂಡ ತಕ್ಷಣ ‘ಇವನು ನಮ್ಮವನು’ ಅಂತ ಪೋಸ್ಟ್ ಹಾಕಬೇಡಿ. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನ ಕರೆದೊಯ್ಯೋದು, ಮೇಲೆ ಅವನು ಲಿಂಗದ ಮುಂದೆಯೋ ಜಿನನ ಮುಂದೆಯೋ ಕೂತಿರೋದು. ಪಕ್ಕದಲ್ಲಿ ಅಕ್ಷರ ಇದ್ದರೆ ತುರು ಕಾಯ್ದು ಸತ್ತನೋ, ಊರು ಉಳಿಸಿ ಸತ್ತನೋ ತಿಳಿಯುತ್ತೆ. ಅಕ್ಷರ ಇಲ್ಲದಿದ್ದರೆ ಕಲ್ಲು ಅವನ ಜಾತಿ ಹೇಳಲ್ಲ. ಇತಿಹಾಸವನ್ನ ಕಟ್ಟುಕತೆ ಮಾಡೋರು ಬೇರೆ ಇದ್ದಾರೆ, ಆ ಕೆಲಸ ನಮಗೆ ಬೇಡ. ಕೇರಿಯ ಜನ ಆ ಕಲ್ಲಿಗೆ ಏನು ಮಾಡುತ್ತಾರೆ, ಯಾವ ದಿನ ಎಡೆ ಇಡುತ್ತಾರೆ, ಯಾವ ಹೆಸರಲ್ಲಿ ಕರೆಯುತ್ತಾರೆ, ಅದನ್ನ ಬರೆದುಕೊಳ್ಳಿ. ಅದು ಪಕ್ಕಾ ನಮ್ಮದು.

ಮಾದಿಗರ ಕೇರಿಯದ್ದೂ ಹೀಗೇ. ಬೇಲೂರಿನ ಚೆನ್ನಕೇಶವನ ಬಗ್ಗೆ ರೈಸ್‌ನ ಮೈಸೂರು ಗೆಜೆಟಿಯರ್‌ನಲ್ಲಿ ಒಂದು ವಿಷಯ ಇದೆ. ದೇವರು ಆಗಾಗ ಬಾಬಾಬುಡನ್ ಗಿರಿಯಲ್ಲಿರೋ ದೇವಿಯನ್ನ ನೋಡೋಕೆ ಹೋಗ್ತಾನಂತೆ. ಅದಕ್ಕೆ ದೇವಸ್ಥಾನದಲ್ಲಿ ದೊಡ್ಡ ಚಪ್ಪಲಿ ಜೋಡಿ. ಅದು ಸವೆದಾಗ ಚನ್ನಗಿರಿ ಮತ್ತು ಬಸವಾಪಟ್ಟಣದ ಚಮ್ಮಾರರ ಕನಸಲ್ಲಿ ಬಂದು ಹೇಳ್ತಾನಂತೆ. ಅವರು ಹೊಸ ಚಪ್ಪಲಿ ಹೊಲಿದು ತಂದು ಕೊಡೋಕೆ ದೇವಸ್ಥಾನದ ಅಂಗಳದವರೆಗೆ ಬಿಡುತ್ತಿದ್ದರು. ಅಂಗಳದವರೆಗೆ! ದೇವರ ಕಾಲಿಗೆ ಆಗೋ ಚಪ್ಪಲಿ ಒಳಗೆ ಹೋಯಿತು, ಹೊಲಿದ ಕೈ ಹೊರಗೇ ನಿಂತಿತು. ಬೇಲೂರಿಗೆ ಬರೋ ಪ್ರವಾಸಿಗೆ ಶಿಲಾಬಾಲಿಕೆಯ ಬಳೆ ಬಗ್ಗೆ ಗೈಡ್ ಹೇಳ್ತಾನೆ. ಈ ಚಪ್ಪಲಿ ಬಗ್ಗೆಯೂ ಹೇಳಲಿ ಅನ್ನೋದು ನನ್ನ ಆಸೆ.

ಇದು ಬರೀ ಹಳೇ ಕತೆ ಅಂತ ಯಾರಾದರೂ ಅಂದರೆ, ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿ ನೆನಪಿಸಿ. 2015-16ರಲ್ಲಿ ದೇವಸ್ಥಾನ ಪ್ರವೇಶದ ವಿಷಯಕ್ಕೆ ಏನಾಯಿತು ಅಂತ ರಾಜ್ಯವೇ ನೋಡಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ 2021ರಲ್ಲಿ ನಮ್ಮವರು ದೇವಸ್ಥಾನದ ಒಳಗೆ ಹೋದದ್ದು ಅಧಿಕಾರಿಗಳ ಸಮ್ಮುಖದಲ್ಲಿ. ಒಳಗೆ ಬಿಡದ ಗುಡಿಯನ್ನ ‘ನಮ್ಮೆಲ್ಲರ ಪರಂಪರೆ’ ಅಂತ ಮಕ್ಕಳ ಕೈಲಿ ಪ್ರಬಂಧ ಬರೆಸಿದರೆ ಆ ಮಗು ಏನು ಬರೆಯಬೇಕು?

ಈಗ ಕಷ್ಟದ ಭಾಗ. ನಮ್ಮ ಗುಂಪಿನಲ್ಲೇ ಇದರ ಬಗ್ಗೆ ಜಗಳ ಆಗಿದೆ, ಆಗಲೂಬೇಕು.

ಕುಳವಾಡಿಕೆ, ತೋಟಿತನ, ನೀರಗಂಟಿತನ ಇವೆಲ್ಲ ಹೆಮ್ಮೆಯಾ? ಅದೇ ಕುಳವಾಡಿ ಊರಲ್ಲಿ ಸತ್ತ ದನ ಎಳೆಯಬೇಕಿತ್ತು, ಅದರ ಚರ್ಮವೇ ಅವನ ‘ಹಕ್ಕು’. ಸಾವಿನ ಸುದ್ದಿ ಹೊತ್ತು ಊರೂರು ಓಡಬೇಕಿತ್ತು. ಹಬ್ಬಕ್ಕೆ ತಮಟೆ ಬಡಿಯಬೇಕಿತ್ತು, ಊಟಕ್ಕೆ ಕೊನೇಲಿ ಕೂರಬೇಕಿತ್ತು. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕೇರಿ ಕೇರಿಗೆ ಬಂದು ಹೇಳಿದ್ದೇ ಇದನ್ನ: ಬಿಟ್ಟಿ ಚಾಕರಿ ಬಿಡಿ, ದನ ಎಳೆಯೋದು ಬಿಡಿ. ನಮ್ಮ ಅಪ್ಪಂದಿರು ಹೊಡೆತ ತಿಂದು, ಬಹಿಷ್ಕಾರ ಎದುರಿಸಿ ಬಿಟ್ಟರು. ಈಗ ನಾವು ಹೋಗಿ ‘ಅಜ್ಜ, ಕುಳವಾಡಿಕೆ ಬಗ್ಗೆ ಹೇಳು, ಅದು ನಮ್ಮ ಪರಂಪರೆ’ ಅಂದರೆ ಅವರಿಗೆ ಸಿಟ್ಟು ಬರಲ್ವಾ? ಬರುತ್ತೆ. ಒಬ್ಬರು ನನ್ನ ಮುಖಕ್ಕೇ ಅಂದರು: ‘ಅದನ್ನ ಮರೆಯೋಕೆ ನಲವತ್ತು ವರ್ಷ ಹಿಡೀತು, ನೀನು ನೆನಪು ಮಾಡೋಕೆ ಬಂದಿದೀಯಾ?’

ಈ ಮಾತಿಗೆ ತಲೆಬಾಗಬೇಕು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನ ಹೊಗಳೋರಿಗೆ ಎಷ್ಟು ಖಾರವಾಗಿ ಉತ್ತರ ಕೊಟ್ಟರು ಅಂತ ನಮಗೆಲ್ಲ ಗೊತ್ತು. ‘ಹಳ್ಳಿಯ ಸೊಗಡು’ ಅಂತ ಬರೆಯೋ ಸಾಹಿತಿಗಳ ಸಾಲಿಗೆ ನಾವು ಸೇರಬಾರದು. ಕೇರಿಯ ಇತಿಹಾಸ ಬರೆಯೋದು ಅಂದರೆ ಹಳೇ ವ್ಯವಸ್ಥೆಯನ್ನ ಮೆರೆಸೋದಲ್ಲ.

ಹಾಗಂತ ಮೌನವಾಗಿದ್ದರೆ ಏನಾಗುತ್ತೆ ಅಂತಲೂ ನೋಡಿ. ಚಾಕರಿ ಬಿಟ್ಟದ್ದು ಹೋರಾಟ. ಆದರೆ ಚಾಕರಿಯ ಜೊತೆಗೇ ಅದರೊಳಗಿದ್ದ ಜ್ಞಾನವನ್ನೂ ನಾಚಿಕೆ ಅಂತ ಹೂತುಬಿಟ್ಟರೆ ಲಾಭ ಯಾರಿಗೆ? ಬಹಳ ಊರಲ್ಲಿ ನೀರಗಂಟಿ ಕೇರಿಯವನೇ. ಕೆರೆ ತೂಬು ಎಷ್ಟು ಎತ್ತಿದರೆ ಕೊನೆಯ ಗದ್ದೆಗೆ ಎಷ್ಟು ಹೊತ್ತಿಗೆ ನೀರು ಮುಟ್ಟುತ್ತೆ ಅನ್ನೋದು ಅವನ ಲೆಕ್ಕ. ಇವತ್ತು ಕೆರೆ ಅಭಿವೃದ್ಧಿ ಯೋಜನೆಗೆ ಇಂಜಿನಿಯರ್ ಬರ್ತಾರೆ, ಆ ಲೆಕ್ಕ ಗೊತ್ತಿದ್ದವರ ಮಗನನ್ನ ಮಣ್ಣು ಹೊರೋಕೆ ಕರೀತಾರೆ.

ಇನ್ನು ಜಮೀನು. ತೋಟಿ, ತಳವಾರ, ನೀರಗಂಟಿಗಳಿಗೆ ಚಾಕರಿಯ ಬದಲಿಗೆ ಇನಾಂ ಜಮೀನು ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು, ಹುದ್ದೆ ಹೋಯಿತು. ಆ ಜಮೀನನ್ನ ಸರ್ಕಾರ ವಾಪಸ್ ತಗೊಂಡು, ಹುದ್ದೆ ಮಾಡಿದ ಮನೆತನಕ್ಕೇ ಮರುಮಂಜೂರು ಮಾಡಬೇಕಿತ್ತು. ಎಷ್ಟು ಕೇರಿಗಳಲ್ಲಿ ಅದು ಸರಿಯಾಗಿ ಆಯಿತು ಅನ್ನೋದು ನಿಮ್ಮ ಊರಿನಲ್ಲೇ ಕೇಳಿ ನೋಡಿ.

ಇಲ್ಲಿ ನಮ್ಮ ಕಾರ್ಯಕರ್ತರೇ ಗೊಂದಲ ಮಾಡಿಕೊಳ್ಳೋ ಒಂದು ವಿಷಯ ಇದೆ. 1978ರ ಪಿಟಿಸಿಎಲ್ ಕಾಯ್ದೆ ನಮ್ಮ ಕೈಯಲ್ಲಿರೋ ದೊಡ್ಡ ಅಸ್ತ್ರ. 2023ರ ತಿದ್ದುಪಡಿಯಿಂದ ಅರ್ಜಿ ಹಾಕೋಕೆ ಕಾಲಮಿತಿಯ ಅಡ್ಡಿಯನ್ನೂ ತೆಗೆದಿದ್ದಾರೆ. ಆದರೆ ಆ ಕಾಯ್ದೆಯಲ್ಲಿ ‘ಮಂಜೂರಾದ ಜಮೀನು’ ಅನ್ನೋದರ ವ್ಯಾಖ್ಯಾನ ಗಮನವಿಟ್ಟು ಓದಿ. ವಂಶಪಾರಂಪರ್ಯ ಹುದ್ದೆಗೆ ಸಂಬಂಧಪಟ್ಟ ಇನಾಂ ಅದರಿಂದ ಹೊರಗಿದೆ. ಅಂದರೆ ತೋಟಿ ಇನಾಂ ಜಮೀನಿನ ಹಾದಿ ಬೇರೆ, ಅದಕ್ಕೆ ಬೇಕಾಗೋ ಸಾಕ್ಷಿ ಬೇರೆ. ಯಾವ ಮನೆ ಆ ಹುದ್ದೆ ಮಾಡ್ತಿತ್ತು, ಯಾವ ಹೊಲ ಅದಕ್ಕೆ ಸೇರಿತ್ತು, ಆ ಹೊಲದ ಹಳೇ ಹೆಸರೇನು? ಕಾಗದ ಸಿಗದ ಕಡೆ ಎಲ್ಲಿ ಹುಡುಕಬೇಕು ಅಂತ ದಾರಿ ತೋರಿಸೋದು ಹಿರಿಯರ ನೆನಪೇ. ಯಾರು ನಾಚಿಕೆಯಿಂದ ‘ನಮಗೂ ತೋಟಿತನಕ್ಕೂ ಸಂಬಂಧ ಇಲ್ಲ’ ಅಂತ ಮಕ್ಕಳಿಗೆ ಹೇಳದೇ ಹೋದರೋ, ಅವರ ಮನೆಯ ಹೊಲದ ಹೆಸರೂ ಅವರ ಜೊತೆಗೇ ಹೋಯಿತು.

ಸ್ಮಶಾನ ನೋಡಿ. ಒಂದು ಕಾಲಕ್ಕೆ ಸತ್ತವರಿಗೆ ನೆಲ ಕೊಡೋ ಹಕ್ಕಿಗೆ ನೆಲಹಾಗ ಪಡೆದ ಕೇರಿ, ಇವತ್ತು ತನ್ನ ಹೆಣ ಹೂಳೋಕೆ ಜಾಗ ಕೊಡಿ ಅಂತ ತಾಲ್ಲೂಕು ಕಚೇರಿ ಮುಂದೆ ಅರ್ಜಿ ಹಿಡಿದು ನಿಂತಿದೆ.

ಅವಮಾನದ ಕುರುಹನ್ನ ಹೇಗೆ ಹಿಡಿಯಬೇಕು ಅಂತ ಬಾಬಾಸಾಹೇಬರೇ ತೋರಿಸಿದ್ದಾರೆ. ಭೀಮಾ ಕೋರೆಗಾಂವ್‌ನ ಸ್ತಂಭ ಕಟ್ಟಿದ್ದು ಬ್ರಿಟಿಷರು, ತಮ್ಮ ಕಂಪನಿಯ ವಿಜಯಕ್ಕೆ. 1818ರ ಜನವರಿ 1ರ ಕಾಳಗ. ಅದರ ಮೇಲೆ 22 ಮಹಾರ್ ಸೈನಿಕರ ಹೆಸರುಗಳಿವೆ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿ ಹೋಗಿ ನಿಂತರು. ಕಂಪನಿ ಸರ್ಕಾರವನ್ನ ಹೊಗಳೋಕೆ ಹೋಗಿದ್ದಲ್ಲ. ‘ನಿಮಗೆ ಇತಿಹಾಸವಿಲ್ಲ’ ಅನ್ನೋ ಸುಳ್ಳನ್ನ ಒಡೆಯೋಕೆ ಆ ಹೆಸರುಗಳು ಸಾಕಾಗಿದ್ದವು. ನಮ್ಮ ಕರುಗಲ್ಲಿನ ಮೇಲೆ ಹೆಸರಿಲ್ಲ. ಅದಕ್ಕೇ ಬರೆದಿಡೋ ಕೆಲಸ ನಮ್ಮ ಮೇಲಿದೆ.

ಹೇಗೆ ಮಾಡೋದು? ನಾವು ಮಾಡ್ತಿರೋ ರೀತಿ ಹೇಳ್ತೀನಿ, ನಿಮ್ಮ ಊರಿಗೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ.

ಒಂದು. ಸರ್ವೆ ಇಲಾಖೆಯಿಂದ ಊರಿನ ಗ್ರಾಮ ನಕ್ಷೆ ತಗೊಳ್ಳಿ. ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಇದ್ದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಹಿರಿಯರ ಜೊತೆ ಗಡಿ ನಡೆಯಿರಿ. ಅವರು ಹೇಳೋ ಹಳೇ ಹೆಸರನ್ನ ಸರ್ವೆ ನಂಬರ್ ಪಕ್ಕ ಬರೆಯಿರಿ. ನಡೆಯಲಾಗದವರನ್ನ ಬೈಕಲ್ಲಿ ಕೂರಿಸಿಕೊಂಡು ಹೋಗಿ.

ಎರಡು. ಕರುಗಲ್ಲು ಎಲ್ಲಿದೆ ಕೇಳಿ. ಅದಕ್ಕೆ ಯಾರು ಯಾವಾಗ ಏನು ಮಾಡ್ತಿದ್ರು, ಯಾವ ವರ್ಷದಿಂದ ನಿಂತಿತು, ಯಾಕೆ ನಿಂತಿತು.

ಮೂರು. ಹೆಂಗಸರನ್ನ ಬೇರೆ ಕೂರಿಸಿ ಕೇಳಿ. ಗಂಡಸರು ಗಡಿ ಹೇಳಿದರೆ, ಯಾವ ಬಾವಿಯಲ್ಲಿ ನೀರು ಸೇದೋಕೆ ಬಿಡ್ತಿರಲಿಲ್ಲ, ಯಾವ ಹೊಲದಲ್ಲಿ ಕೂಲಿ ಎಷ್ಟು ಅನ್ನೋದು ಹೆಂಗಸರಿಗೆ ಗೊತ್ತು.

ನಾಲ್ಕು. ಮಾತಾಡಿದವರ ಒಪ್ಪಿಗೆ ಇಲ್ಲದೆ ಹೆಸರು, ಫೋಟೊ, ವಿಡಿಯೊ ಹಾಕಬೇಡಿ. ಅವಮಾನದ ಕತೆ ಹೇಳಿದವರು ಅದೇ ಊರಲ್ಲೇ ನಾಳೆ ಬದುಕಬೇಕು. ರೆಕಾರ್ಡಿಂಗ್‌ನ ಒಂದು ಪ್ರತಿ ಅವರ ಮನೆಯಲ್ಲೇ ಇರಲಿ. ಹೊರಗಿನ ಸಂಶೋಧಕರು ಬಂದರೆ ಸ್ವಾಗತಿಸಿ, ಆದರೆ ಬರೆದದ್ದು ಮೊದಲು ಕೇರಿಗೆ ವಾಪಸ್ ಬರಬೇಕು ಅನ್ನೋ ಷರತ್ತು ಹಾಕಿ.

ಐದು. ಹಳೇ ಟ್ರಂಕ್‌ನಲ್ಲಿರೋ ಪಟ್ಟೆ, ಕಂದಾಯ ರಸೀದಿ, ಸಾಗುವಳಿ ಚೀಟಿ ಯಾವುದನ್ನೂ ಎಸೆಯೋಕೆ ಬಿಡಬೇಡಿ. ಮೊದಲು ಫೋಟೊ ತೆಗೆಯಿರಿ.

ಆರು. ಸೇರಿಸಿದ್ದನ್ನ ಅಂಬೇಡ್ಕರ್ ಭವನದ ಗೋಡೆ ಮೇಲೆ ಬರೆಸಿ. ಏಪ್ರಿಲ್ 14ಕ್ಕೆ ಮೆರವಣಿಗೆ, ಡಿಜೆ ಇದ್ದೇ ಇರುತ್ತೆ. ಆ ದಿನ ಅರ್ಧ ಗಂಟೆ ಮಕ್ಕಳಿಗೆ ಊರಿನ ಗಡಿ ಓದಿ ಹೇಳಿ. ಊರೊಳಗಿನ ಮಕ್ಕಳೂ ಬರಲಿ, ಅವರ ಊರಿನ ನಕ್ಷೆ ಯಾರ ತಲೆಯಲ್ಲಿತ್ತು ಅಂತ ಅವರಿಗೂ ತಿಳಿಯಲಿ.

ಕೆಲಸ ಅಂದೆನಲ್ಲ, ಅದು ಇದೇ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯ ಗೆಳೆಯರು ಈ ವಾರ ನಿಮ್ಮ ಕೇರಿಯ ಅತ್ಯಂತ ಹಿರಿಯರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ: ಊರಿನ ಗಡಿ ಎಲ್ಲಿಂದ ಎಲ್ಲಿವರೆಗೆ? ಉತ್ತರವನ್ನ ದಿನಾಂಕ ಹಾಕಿ ಬರೆದಿಡಿ. ಮುಂದಿನ ವರ್ಷಕ್ಕೆ ಅಂತ ಮುಂದೂಡಬೇಡಿ. ನಾವು ಮಾತಾಡಿಸಬೇಕು ಅಂದುಕೊಂಡಿದ್ದ ಎಷ್ಟೋ ಹಿರಿಯರು ಈಗಾಗಲೇ ಮಣ್ಣು ಸೇರಿದ್ದಾರೆ.

ಜೈಭೀಮ್.